ದಾರಿ ಮಧ್ಯೆ ವೀಸಾ: ಯಾವುದು ಸಿಗುತ್ತೆ, ಯಾವುದು ಸಿಗಲ್ಲ

ಅಕ್ಕನ ಮಗ ಬೆಂಗಳೂರಿನ ಕೆಲಸ ಬಿಟ್ಟು ದಾವಣಗೆರೆಗೆ ಬಂದಿದ್ದ. ಐದು ತಿಂಗಳು ಊರೂರು ಸುತ್ತಿ ಬರಬೇಕು ಅನ್ನೋದು ಅವನ ಲೆಕ್ಕ. ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ, ಆಮೇಲೆ ಕಜಕಸ್ತಾನ, ಉಜ್ಬೇಕಿಸ್ತಾನ, ಕೊನೆಗೆ ಇಟಲಿ, ಫ್ರಾನ್ಸ್. ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ದಿನ, ಊರು, ಖರ್ಚು ಎಲ್ಲ ಬರೆದುಕೊಂಡಿದ್ದ. ವೀಸಾ ಅನ್ನೋ ಕಾಲಂನಲ್ಲಿ ಮಾತ್ರ ಮೇಲಿಂದ ಕೆಳಗಿನವರೆಗೆ ಒಂದೇ ಮಾತು: "ಹಿಂದಿನ ದೇಶದಲ್ಲಿ ಮಾಡಿಸೋದು".

"ಮಾಮ, ಇಟಲಿ ವೀಸಾನ ತಾಷ್ಕೆಂಟ್‌ನಲ್ಲೇ ಹಾಕಿಸ್ಕೊಂಡ್ರೆ ಆಗಲ್ವಾ? ಅಲ್ಲೂ ಅವರ ಎಂಬಸಿ ಇದೆಯಲ್ಲ" ಅಂದ.

ಇದೆ. ಆದರೆ ಉಜ್ಬೇಕಿಸ್ತಾನದ ರಾಜಧಾನಿ ತಾಷ್ಕೆಂಟ್‌ನಲ್ಲಿ ಇಟಲಿಯ ಎಂಬಸಿ, ಅಂದರೆ ರಾಯಭಾರ ಕಚೇರಿ, ಇದೆ ಅಂದಮಾತ್ರಕ್ಕೆ ಅಲ್ಲಿಗೆ ಹೋದವರ ಅರ್ಜಿಯನ್ನೆಲ್ಲ ತಗೊಳ್ಳಬೇಕು ಅಂತೇನಿಲ್ಲ. ಈ ಒಂದು ಮಾತು ಗೊತ್ತಿಲ್ಲದೆ ಎಷ್ಟೋ ಜನ ಅರ್ಧ ದಾರಿಯಲ್ಲಿ ಟಿಕೆಟ್ ಕ್ಯಾನ್ಸಲ್ ಮಾಡಿ ವಾಪಸ್ ಬಂದಿದ್ದಾರೆ. ಹಾಗಂತ ದಾರಿಯಲ್ಲಿ ಯಾವ ವೀಸಾನೂ ಸಿಗೋದೇ ಇಲ್ಲ ಅಂತಲೂ ಅಲ್ಲ. ಅವನಿಗೆ ಆವತ್ತು ಕೂತು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಹೆಸರುಗಳ ಗೊಂದಲ ಮುಗಿಸೋಣ. ಎಂಬಸಿ ಇರೋದು ರಾಜಧಾನಿಯಲ್ಲಿ, ದೇಶಕ್ಕೆ ಒಂದು. ಬೇರೆ ಊರುಗಳಲ್ಲಿ ಇರೋದು ಕಾನ್ಸುಲೇಟ್. ಕಾಮನ್‌ವೆಲ್ತ್ ದೇಶಗಳು ಒಂದರಲ್ಲೊಂದು ಇಟ್ಟುಕೊಂಡಿರೋ ಎಂಬಸಿಗೆ ಹೈಕಮಿಷನ್ ಅಂತಾರೆ. ಹಾಗಾಗಿ ಹನೋಯ್‌ನಲ್ಲಿ ನಮ್ಮದು ಎಂಬಸಿ, ಕ್ವಾಲಾಲಂಪುರದಲ್ಲಿ ಹೈಕಮಿಷನ್. ಗೌರವ ಕಾನ್ಸುಲ್ (ಪೂರ್ಣಾವಧಿ ಅಧಿಕಾರಿ ಅಲ್ಲದೆ ಗೌರವಾರ್ಥವಾಗಿ ಆ ದೇಶದ ಕೆಲಸ ನೋಡೋರು) ಅಂತ ಬೋರ್ಡ್ ಹಾಕಿದ ಕಡೆ ವೀಸಾ ಸಿಕ್ಕೇ ಸಿಗುತ್ತೆ ಅಂದುಕೊಳ್ಳಬೇಡಿ. ಎಷ್ಟೋ ಕಡೆ ಅವರಿಗೆ ಆ ಅಧಿಕಾರ ಇರೋದಿಲ್ಲ. ಇನ್ನು ಬೆಂಗಳೂರಿನ ವಿಎಫ್‌ಎಸ್‌ನಂಥ ಕೇಂದ್ರಗಳು ಅರ್ಜಿ ತಗೊಂಡು, ಬೆರಳಚ್ಚು ಒತ್ತಿಸಿಕೊಂಡು, ಕಟ್ಟು ಕಟ್ಟಿ ಕಳಿಸೋ ಮಧ್ಯದವರು. ಕೊಡಬೇಕಾ ಬೇಡವಾ ಅಂತ ನಿರ್ಧಾರ ಮಾಡೋದು ಕಾನ್ಸುಲೇಟಿನ ಅಧಿಕಾರಿ. ಕೌಂಟರಿನ ಹುಡುಗಿ "ಎಲ್ಲ ಸರಿ ಇದೆ ಸರ್" ಅಂದರೆ ಕಾಗದ ಪೂರ್ತಿ ಇವೆ ಅಂತ ಅರ್ಥ, ಅಷ್ಟೇ.

ಈಗ ಮುಖ್ಯ ವಿಷಯ. ಕಾನ್ಸುಲೇಟಿಗೆ ವ್ಯಾಪ್ತಿ ಅಂತ ಇರುತ್ತೆ. ಜಗಳೂರಿನ ಹೊಲದ ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ ಹೊನ್ನಾಳಿ ತಾಲ್ಲೂಕು ಕಚೇರಿಯಲ್ಲಿ ತಿದ್ದಿಸೋಕೆ ಆಗುತ್ತಾ? ಹೊನ್ನಾಳಿಯಲ್ಲೂ ತಹಶೀಲ್ದಾರರಿದ್ದಾರೆ, ಕಂಪ್ಯೂಟರ್ ಇದೆ, ಸೀಲೂ ಇದೆ. ಆದರೆ ಆ ಹೊಲ ಅವರದಲ್ಲ. ವೀಸಾದಲ್ಲಿ ಹೊಲದ ಜಾಗದಲ್ಲಿ ನೀವಿರ್ತೀರಿ. ನೀವು ಯಾವ ಊರಿನ ನಿವಾಸಿಯೋ ಆ ಊರು ಯಾರ ವ್ಯಾಪ್ತಿಗೆ ಬರುತ್ತೋ ಅವರೇ ನಿಮ್ಮ ಅರ್ಜಿ ನೋಡಬೇಕು. "ಸದ್ಯಕ್ಕೆ ಇಲ್ಲಿದ್ದೀನಿ" ಅನ್ನೋದು ಬೇರೆ, "ಇಲ್ಲೇ ವಾಸ ಮಾಡ್ತೀನಿ" ಅನ್ನೋದು ಬೇರೆ. ಪ್ರವಾಸಿ ವೀಸಾದ ಮೇಲೆ ತಾಷ್ಕೆಂಟ್‌ನಲ್ಲಿ ಹತ್ತು ದಿನ ಇದ್ದವನು ತಾಷ್ಕೆಂಟಿನ ನಿವಾಸಿ ಆಗೋದಿಲ್ಲ.

ಯುರೋಪಿನ 29 ದೇಶಗಳ ಷೆಂಗೆನ್ ಗುಂಪು (ಇಟಲಿ, ಫ್ರಾನ್ಸ್ ಇದರಲ್ಲೇ ಬರ್ತಾವೆ, ಒಂದೇ ವೀಸಾ ಎಲ್ಲ ಕಡೆ ನಡೆಯುತ್ತೆ) ಇದನ್ನು ಕಾನೂನಿನಲ್ಲೇ ಬರೆದಿಟ್ಟಿದೆ. 2009ರ ಅವರ ವೀಸಾ ಸಂಹಿತೆಯ 6ನೇ ವಿಧಿ ಪ್ರಕಾರ, ಅರ್ಜಿದಾರ ಕಾನೂನುಬದ್ಧವಾಗಿ ವಾಸ ಇರೋ ಜಾಗದ ಕಾನ್ಸುಲೇಟೇ ಅರ್ಜಿ ನೋಡಬೇಕು. ಅದೇ ವಿಧಿಯಲ್ಲಿ ಒಂದು ಸಣ್ಣ ಕಿಂಡಿಯೂ ಇದೆ. ಅಲ್ಲಿ ವಾಸ ಇಲ್ಲದಿದ್ದರೂ ಕಾನೂನುಬದ್ಧವಾಗಿ ಬಂದಿರೋರು, ಇಲ್ಲೇ ಯಾಕೆ ಅರ್ಜಿ ಹಾಕ್ತಿದ್ದೀನಿ ಅಂತ ತಕ್ಕ ಕಾರಣ ಕೊಟ್ಟರೆ ತಗೊಳ್ಳಬಹುದು. "ಸುತ್ತಾಡ್ತಾ ಬಂದೆ, ಇಲ್ಲಿಂದ ಹತ್ತಿರ" ಅನ್ನೋದನ್ನು ತಕ್ಕ ಕಾರಣ ಅಂತ ಒಪ್ಪಿಸೋದು ಕಷ್ಟ. ನಾನಂತೂ ಆ ಕಿಂಡಿ ನಂಬಿಕೊಂಡು ವಿಮಾನ ಹತ್ತಲಾರೆ.

ಅಮೆರಿಕದ್ದು ಇನ್ನೊಂದು ಕಥೆ. ಭಾರತದಲ್ಲಿ ಸಂದರ್ಶನಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಿದ್ದಾಗ, 2023ರ ಫೆಬ್ರವರಿಯಲ್ಲಿ ದೆಹಲಿಯ ಅಮೆರಿಕನ್ ಎಂಬಸಿಯೇ ಬ್ಯಾಂಕಾಕ್‌ನಲ್ಲಿ ಅಪಾಯಿಂಟ್‌ಮೆಂಟ್ ಸಿಗುತ್ತೆ ಅಂತ ಹೇಳಿತ್ತು. ಜನ ಅಲ್ಲಿಗೆ ಹೋಗಿ ವೀಸಾ ತಂದರು. 2025ರ ಸೆಪ್ಟೆಂಬರ್‌ನಲ್ಲಿ ಗಾಳಿ ತಿರುಗಿತು. ನಿಮ್ಮ ಪೌರತ್ವದ ದೇಶದಲ್ಲಿ ಇಲ್ಲವೇ ನೀವು ವಾಸ ಇರೋ ದೇಶದಲ್ಲೇ ಸಂದರ್ಶನ ಕೊಡಬೇಕು ಅಂತ ಅಲ್ಲಿನ ವಿದೇಶಾಂಗ ಇಲಾಖೆ ಹೇಳಿಬಿಟ್ಟಿತು. ಹಳೇ ವಿಡಿಯೋ ನೋಡಿಕೊಂಡು ಇವತ್ತು ಬ್ಯಾಂಕಾಕ್‌ಗೆ ಹೋದರೆ 185 ಡಾಲರ್ ಫೀಸು ನೀರಲ್ಲಿ ಹೋಮ ಆಗಬಹುದು. ಬ್ರಿಟನ್ ಮಾತ್ರ ಇದರಲ್ಲಿ ಸ್ವಲ್ಪ ಧಾರಾಳಿ. ಪ್ರವಾಸಿ ವೀಸಾಕ್ಕೆ ಅವರ ದೇಶದ ಹೊರಗೆ ಎಲ್ಲಿಂದ ಬೇಕಾದರೂ ಅರ್ಜಿ ಹಾಕಬಹುದು. ಆದರೆ ಅರ್ಜಿ ತಗೊಳ್ಳೋದು ಬೇರೆ, ನಂಬೋದು ಬೇರೆ.

ಯಾಕೆ ಇಷ್ಟೊಂದು ಕಟ್ಟುನಿಟ್ಟು? ಸುಮ್ನೆ ಸತಾಯಿಸೋಕೆ ಅಲ್ಲ. ಪ್ರವಾಸಿ ವೀಸಾ ಕೊಡೋ ಅಧಿಕಾರಿ ತಲೆಯಲ್ಲಿ ಓಡೋದು ಮುಖ್ಯವಾಗಿ ಒಂದೇ ಪ್ರಶ್ನೆ: ಇವನು ವಾಪಸ್ ಹೋಗ್ತಾನಾ? ಅದಕ್ಕೆ ಉತ್ತರ ನಿಮ್ಮ ಮಾತಲ್ಲಿ ಇಲ್ಲ, ಕಾಗದದಲ್ಲಿ ಇದೆ. ಸಂಬಳದ ಚೀಟಿ, ರಜೆ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್, ಮನೆ-ಜಮೀನಿನ ಪತ್ರ. ಬೆಂಗಳೂರಿನ ಕಾನ್ಸುಲೇಟಿನಲ್ಲಿ ಇಂಥ ಕಾಗದ ದಿನಾ ನೂರಾರು ಬರ್ತಾವೆ. ಅಸಲಿ ಸ್ಟೇಟ್‌ಮೆಂಟ್ ಹೇಗಿರುತ್ತೆ, ನಕಲಿ ಹೇಗಿರುತ್ತೆ ಅವರಿಗೆ ಗೊತ್ತು. ಅನುಮಾನ ಬಂದರೆ ಬ್ಯಾಂಕಿಗೆ ಫೋನ್ ಮಾಡಿಸಬಹುದು. ಪಹಣಿಯಲ್ಲಿ ಏನು ಬರೆದಿದೆ ಅಂತ ಓದಿ ಹೇಳೋ ಸಿಬ್ಬಂದಿ ಸಿಗ್ತಾರೆ. ಅದೇ ಕಾಗದ ತಾಷ್ಕೆಂಟಿನ ಟೇಬಲ್ ಮೇಲೆ ಇಟ್ಟರೆ? ಚನ್ನಗಿರಿಯಲ್ಲಿ ಎರಡು ಎಕರೆ ಅಡಿಕೆ ತೋಟ ಇದೆ ಅಂದರೆ ನಮ್ಮ ಕಡೆ "ಓಹೋ, ಗಟ್ಟಿ ಕುಳ" ಅಂತಾರೆ. ಅಲ್ಲಿನವರಿಗೆ ಅಡಿಕೆಯೇ ಗೊತ್ತಿಲ್ಲ. ಊರಿಂದ ದೂರ ಹೋದಷ್ಟೂ ನಿಮ್ಮ ಕಾಗದದ ತೂಕ ಕಡಿಮೆ ಆಗ್ತಾ ಹೋಗುತ್ತೆ. ದಾರಿ ಮಧ್ಯೆ ವೀಸಾ ಕಷ್ಟ ಆಗೋದು ಇದಕ್ಕೇ.

ಇದು ನನಗೆ ಪುಸ್ತಕ ಓದಿ ಗೊತ್ತಾಗಿದ್ದಲ್ಲ. ವರ್ಷಗಳ ಹಿಂದೆ ಕಾಂಬೋಡಿಯಾದ ರಾಜಧಾನಿ ನೋಂ ಪೆನ್‌ನಲ್ಲಿದ್ದಾಗ ಪಕ್ಕದ ಒಂದು ದೇಶಕ್ಕೆ ಹೋಗೋಣ ಅನ್ನಿಸಿತು. ಯಾವ ದೇಶ ಅಂತ ಬೇಡ ಬಿಡಿ. ಬೆಳಗ್ಗೆ ಎಂಟೂವರೆಗೆ ಎಂಬಸಿ ಗೇಟಿನ ಮುಂದೆ ನಿಂತೆ. ಫಾರ್ಮ್ ತುಂಬಿಸಿ ಕೊಟ್ಟರೆ ಒಳಗಿದ್ದವರು ಫೋಟೋ ನೋಡಿ ವಾಪಸ್ ತಳ್ಳಿದರು. ನಾನು ಊರಿಂದ ತಂದಿದ್ದು 35 ಮಿಮೀ ಅಗಲ, 45 ಮಿಮೀ ಉದ್ದದ್ದು. ಅವರಿಗೆ ಬೇಕಾಗಿದ್ದು 4 ಸೆಂಮೀಗೆ 6 ಸೆಂಮೀ. ತಿರುಗಿ ನೋಡಿದರೆ ರಸ್ತೆಯಾಚೆ ಸಣ್ಣ ಅಂಗಡಿ, ಮುಂದೆ ಫೋಟೋ, ಜೆರಾಕ್ಸ್ ಅಂತ ಬೋರ್ಡು. ಭಾಷೆ ಗೊತ್ತಿಲ್ಲದಿದ್ದರೂ ಅರ್ಥ ಆಯಿತು. ನಮ್ಮ ತಾಲ್ಲೂಕು ಕಚೇರಿ ಎದುರು ಅರ್ಜಿ ಬರೆಯೋರು ಕೂತಿರ್ತಾರಲ್ಲ, ಥೇಟ್ ಹಾಗೇ.

ಮತ್ತೆ ಸಾಲು. ಈ ಸಲ ಬ್ಯಾಂಕಿನ ಕಾಗದ ಕೇಳಿದರು. ನನ್ನ ಹತ್ತಿರ ಇದ್ದದ್ದು ನಮ್ಮೂರಿನ ಒಂದು ಸಹಕಾರಿ ಬ್ಯಾಂಕಿನ ಪಾಸ್‌ಬುಕ್. ಕವರ್ ಮೇಲೆ ಕನ್ನಡ, ಸೀಲೂ ಕನ್ನಡ. ಆ ಮನುಷ್ಯ ಪಾಸ್‌ಬುಕ್ ತಿರುಗಿಸಿ ನೋಡಿದ, ತಲೆಕೆಳಗು ಮಾಡಿ ನೋಡಿದ, ಸೀಲಿನ ಮೇಲೆ ಬೆರಳಿಟ್ಟು "ಇದೇನು?" ಅಂದ. ಬ್ಯಾಂಕು ಅಂದೆ. ಪಕ್ಕದವನಿಗೆ ತೋರಿಸಿದ, ಅವನೂ ನಕ್ಕ. ಆ ಪಾಸ್‌ಬುಕ್ಕಿನ ಹಿಂದೆ ನನ್ನ ಹದಿನೈದು ವರ್ಷದ ದುಡಿಮೆ ಇತ್ತು. ಆ ಕೌಂಟರಿನಲ್ಲಿ ಅದು ಬರೀ ಸುರುಳಿ ಸುರುಳಿ ಅಕ್ಷರದ ಪುಸ್ತಕ. ಕೊನೆಗೆ ಕೆಲಸಕ್ಕೆ ಬಂದಿದ್ದು ವಾಪಸ್ ಬರೋ ವಿಮಾನದ ಟಿಕೆಟ್ಟು, ಜೇಬಿನಲ್ಲಿದ್ದ ಡಾಲರು. ಅದರಲ್ಲೂ ಒಂದು ನೋಟಿನ ಮೇಲೆ ಪೆನ್ನಿನ ಗೀಟು ಇತ್ತು ಅಂತ ಬೇಡ ಅಂದರು. ಕಾಂಬೋಡಿಯಾ ಕಡೆ ಡಾಲರ್ ನೋಟು ಸ್ವಲ್ಪ ಹರಿದಿದ್ದರೂ ಯಾರೂ ಮುಟ್ಟಲ್ಲ. ನಮ್ಮ ಹತ್ತು ರೂಪಾಯಿ ನೋಟಿನ ಪರಿಸ್ಥಿತಿ ನೋಡಿದರೆ ಅವರು ಏನಂತಾರೋ.

ಪಾಸ್‌ಪೋರ್ಟ್ ಒಳಗೆ ಹೋಯಿತು. ಮೂರು ದಿನ ಅಂದರು. ಮಾರನೇ ದಿನ ಆ ಎಂಬಸಿಯ ದೇಶದ ಹಬ್ಬ, ರಜೆ. ಆಮೇಲೆ ಶನಿವಾರ, ಭಾನುವಾರ. ಸೋಮವಾರ ಕಾಂಬೋಡಿಯಾದ ರಜೆ. ಎಂಬಸಿಗೆ ತನ್ನ ದೇಶದ ಹಬ್ಬವೂ ರಜೆ, ತಾನಿರೋ ದೇಶದ ಹಬ್ಬವೂ ರಜೆ ಅನ್ನೋದು ನನಗೆ ಆಗಲೇ ಗೊತ್ತಾಗಿದ್ದು. ಮೂರು ದಿನದ ಕೆಲಸ ಎಂಟು ದಿನ ಆಯಿತು. ಅಷ್ಟು ದಿನ ಕೈಯಲ್ಲಿದ್ದದ್ದು ಒಂದು ರಸೀದಿ ಮಾತ್ರ. ಊರು ಬಿಟ್ಟು ಗಡಿ ದಾಟೋ ಹಾಗಿಲ್ಲ, ಬೇರೆ ಲಾಡ್ಜಿಗೆ ಹೋದರೆ ಪಾಸ್‌ಪೋರ್ಟ್ ಎಲ್ಲಿ ಅಂತಾರೆ.

ಇಲ್ಲಿ ಬಹಳ ಜನ ಮರೆಯೋ ಲೆಕ್ಕ ಒಂದಿದೆ. ನಿಮ್ಮ ಪಾಸ್‌ಪೋರ್ಟ್ ಯಾವುದೋ ಎಂಬಸಿಯ ಡ್ರಾಯರಿನಲ್ಲಿ ಮಲಗಿದ್ದರೂ, ನೀವಿರೋ ದೇಶದಲ್ಲಿ ನಿಮ್ಮ ದಿನಗಳು ಖರ್ಚಾಗ್ತಾನೇ ಇರ್ತಾವೆ. ಆ ದೇಶ ಕೊಟ್ಟ ಅವಧಿ ಮುಗಿದರೆ "ಎಂಬಸಿಯವರು ತಡ ಮಾಡಿದ್ರು" ಅನ್ನೋದನ್ನು ಕೇಳೋರಿಲ್ಲ. ಥಾಯ್ಲೆಂಡ್‌ನಲ್ಲಿ ಹೆಚ್ಚುವರಿ ಉಳಿದ ದಿನಕ್ಕೆ 500 ಬಾತ್ ದಂಡ, ಗರಿಷ್ಠ 20,000 ಬಾತ್. ದುಡ್ಡು ಹೋದರೆ ಹೋಗಲಿ, ಅವಧಿ ಮೀರಿದ್ದು ದಾಖಲೆಯಾಗಿ ಉಳಿಯುತ್ತೆ. ಹಾಗಾಗಿ ಕೌಂಟರಿನಲ್ಲಿ ಹೇಳಿದ ದಿನವನ್ನು ಎರಡರಿಂದ ಗುಣಿಸಿ, ಅದರ ಮೇಲೆ ಒಂದು ವಾರ ಸೇರಿಸಿ, ಅಷ್ಟು ದಿನ ನಿಮ್ಮ ಕೈಯಲ್ಲಿ ಉಳಿದಿದ್ದರೆ ಮಾತ್ರ ಪಾಸ್‌ಪೋರ್ಟ್ ಕೊಡಿ. ಇದು ಸರ್ಕಾರಿ ನಿಯಮ ಅಲ್ಲ, ಪೆಟ್ಟು ತಿಂದವನ ಲೆಕ್ಕ.

ಹಾಗಾದರೆ ದಾರಿಯಲ್ಲಿ ಆಗೋದು ಯಾವುದು? ಈಗಿನ ಕಾಲದಲ್ಲಿ ಎಂಬಸಿ ಮೆಟ್ಟಿಲು ಹತ್ತೋ ಪ್ರಮೇಯವೇ ಬಹಳ ಕಡಿಮೆ ಆಗಿದೆ. ನಮ್ಮ ಹುಡುಗನ ನೋಟ್‌ಬುಕ್ಕನ್ನೇ ನೋಡಿ. ಥಾಯ್ಲೆಂಡ್ 2023ರ ನವೆಂಬರ್‌ನಿಂದ ಭಾರತೀಯರನ್ನು ವೀಸಾ ಇಲ್ಲದೆ ಬಿಡೋಕೆ ಶುರು ಮಾಡಿತು, ಮಲೇಷ್ಯಾ ಅದರ ಮುಂದಿನ ತಿಂಗಳು. ಎಷ್ಟು ದಿನ ಅನ್ನೋದು ಆಗಾಗ ಬದಲಾಗುತ್ತೆ, ಹೊರಡೋ ವಾರ ಇನ್ನೊಮ್ಮೆ ನೋಡಿಕೊಳ್ಳಬೇಕು. ಲಾವೋಸ್‌ಗೆ ಇ-ವೀಸಾನೂ (ಆನ್‌ಲೈನ್‌ನಲ್ಲೇ ಅರ್ಜಿ ಹಾಕಿ ಪಡೆಯೋದು) ಇದೆ, ಕೆಲವು ಗಡಿಗಳಲ್ಲಿ ಇಳಿದ ಮೇಲೆ ಕೊಡೋದೂ ಇದೆ. ಕಜಕಸ್ತಾನ 2022ರ ಜುಲೈನಿಂದ 14 ದಿನಕ್ಕೆ ವೀಸಾ ಕೇಳೋದಿಲ್ಲ. ಉಜ್ಬೇಕಿಸ್ತಾನದ ಇ-ವೀಸಾಕ್ಕೆ 20 ಡಾಲರ್, ಒಂದು ಸಲ ಹೋಗಿ ಬರೋಕೆ. ಹಿಂದೆಲ್ಲ ವಿಯೆಟ್ನಾಂ ವೀಸಾಕ್ಕೆ ಅಂತಲೇ ಬೆನ್ನಿಗೆ ಬ್ಯಾಗ್ ಹಾಕಿದವರು ಕಾಂಬೋಡಿಯಾ, ಲಾವೋಸ್‌ನ ಕಾನ್ಸುಲೇಟುಗಳ ಮುಂದೆ ಸಾಲು ನಿಲ್ಲೋರು. 2023ರ ಆಗಸ್ಟ್ 15ರಿಂದ ವಿಯೆಟ್ನಾಂ ಎಲ್ಲ ದೇಶದವರಿಗೂ 90 ದಿನದವರೆಗಿನ ಇ-ವೀಸಾ ಕೊಡುತ್ತಿದೆ. ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲಕ್ಕೆ 50. ಚಾಪೆ ಮೇಲೆ ಕೂತು ಮೊಬೈಲ್‌ನಲ್ಲೇ ಮುಗಿಸಬಹುದು.

ಇ-ವೀಸಾ ಅಂದರೆ ಕೌಂಟರ್ ಇಲ್ಲ ಅಂತ ಉದಾಸೀನ ಬೇಡ. ವಿಯೆಟ್ನಾಂ ಅರ್ಜಿಯಲ್ಲಿ ಯಾವ ಗಡಿ ಅಥವಾ ವಿಮಾನ ನಿಲ್ದಾಣದಿಂದ ಒಳಗೆ ಬರ್ತೀರಿ ಅಂತ ಕೇಳ್ತಾರೆ. ಲಾವೋಸ್‌ನಿಂದ ಬಸ್ಸಿನಲ್ಲಿ ಬರೋನು ಸುಮ್ನೆ ಹನೋಯ್ ವಿಮಾನ ನಿಲ್ದಾಣ ಅಂತ ಒತ್ತಿದರೆ ಗಡಿಯಲ್ಲಿ ತಕರಾರು ಶುರು. ಇನ್ನೊಂದು ಕಾಟ ನಕಲಿ ವೆಬ್‌ಸೈಟ್‌ಗಳದ್ದು. ಹುಡುಕಿದಾಗ ಮೊದಲು ಬರೋದು ಜಾಹೀರಾತು ಕೊಟ್ಟ ಏಜೆಂಟರದ್ದು, ನೋಡೋಕೆ ಸರ್ಕಾರದ್ದೇ ತರ ಇರುತ್ತೆ. 25 ಡಾಲರ್ ವೀಸಾಕ್ಕೆ ನಾಲ್ಕು ಪಟ್ಟು ಕೀಳೋರೂ ಇದ್ದಾರೆ. ವಿಳಾಸದಲ್ಲಿ 'ಗವ್' (gov, ಸರ್ಕಾರದ್ದು ಅನ್ನೋ ಗುರುತು) ಅನ್ನೋದು ಎಲ್ಲಿದೆ ಅಂತ ಕಣ್ಣಿಟ್ಟು ನೋಡಿ.

ಇನ್ನು ನಮ್ಮ ಕರ್ನಾಟಕದವರಿಗೇ ಅಂತ ಇರೋ ತಲೆನೋವು: ಹೆಸರು. ನಮಗೆ ಇನಿಶಿಯಲ್ ಇರುತ್ತೆ. ಅದರಲ್ಲಿ ಒಂದಕ್ಷರ ಊರಿಂದು, ಒಂದಕ್ಷರ ಅಪ್ಪನದು, ಕೆಲವರಿಗೆ ಮನೆತನದ್ದು. ಪಾಸ್‌ಪೋರ್ಟ್ ಮಾಡಿಸುವಾಗ ಯಾರೋ ಅದನ್ನು ಬಿಡಿಸಿ ಬರೆದಿರ್ತಾರೆ, ಇಲ್ಲ ಸರ್‌ನೇಮ್ ಜಾಗ ಖಾಲಿ ಬಿಟ್ಟಿರ್ತಾರೆ. ಊರಲ್ಲಿ ಅದರಿಂದ ಏನೂ ಆಗಲ್ಲ, ಹೊರಗಡೆ ಆಗುತ್ತೆ. ಅಮೆರಿಕದ ವೀಸಾದಲ್ಲಿ ಒಂದೇ ಹೆಸರಿದ್ದರೆ ಅದನ್ನು ಸರ್‌ನೇಮ್ ಜಾಗಕ್ಕೆ ಹಾಕಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಒತ್ತುತ್ತಾರೆ, ಹೆಸರು ಗೊತ್ತಿಲ್ಲ ಅಂತ. ಯುಎಇ 2022ರ ನವೆಂಬರ್‌ನಲ್ಲಿ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಕೊಡಲ್ಲ ಅಂದಾಗ ಎಷ್ಟೋ ಜನಕ್ಕೆ ಬಿಸಿ ಮುಟ್ಟಿತ್ತು. ಹಾಗಾಗಿ ಫಾರ್ಮ್ ತುಂಬೋವಾಗ ಆಧಾರ್ ನೋಡಬೇಡಿ, ನೆನಪಿನಿಂದಲೂ ಬರೀಬೇಡಿ. ಪಾಸ್‌ಪೋರ್ಟ್ ತೆರೆದಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಬರೀರಿ. ಅದರ ಅವಧಿಯೂ ಇನ್ನು ಆರು ತಿಂಗಳಾದರೂ ಇರಬೇಕು, ಖಾಲಿ ಪುಟಗಳೂ ಇರಬೇಕು. ಜಾಸ್ತಿ ತಿರುಗೋ ಯೋಚನೆ ಇದ್ದರೆ 36 ಪುಟದ್ದರ ಬದಲು 60 ಪುಟದ್ದೇ ಮಾಡಿಸೋದು ಲೇಸು, 500 ರೂಪಾಯಿ ಅಷ್ಟೇ ವ್ಯತ್ಯಾಸ.

ವೀಸಾ ಕೈಗೆ ಬಂತು ಅಂತ ಇಟ್ಟುಕೊಳ್ಳಿ. ಖುಷಿಯಲ್ಲಿ ಮುಚ್ಚಿ ಬ್ಯಾಗಿಗೆ ಹಾಕಬೇಡಿ, ಕೌಂಟರ್ ಬಿಡೋಕೆ ಮುಂಚೆ ಓದಿ. ಷೆಂಗೆನ್ ಸ್ಟಿಕರ್ ಉದಾಹರಣೆಗೆ ತಗೊಳ್ಳೋಣ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಎರಡು ತಾರೀಕು ಇರುತ್ತೆ. ಕೆಳಗೆ ವಾಸ್ತವ್ಯದ ದಿನಗಳು ಅಂತ ಒಂದು ಸಂಖ್ಯೆ. ಅಕ್ಟೋಬರ್ 1ರಿಂದ 30, ದಿನಗಳು 15 ಅಂತಿದ್ದರೆ, ಬಾಗಿಲು 30 ದಿನ ತೆರೆದಿರುತ್ತೆ, ಆದರೆ ಒಳಗೆ ನೀವು ಇರಬಹುದಾದದ್ದು 15 ದಿನ ಮಾತ್ರ. ಹೋದ ದಿನವೂ ಲೆಕ್ಕಕ್ಕೆ ಬರುತ್ತೆ, ಹೊರಟ ದಿನವೂ ಬರುತ್ತೆ. ಇನ್ನೊಂದು ಕಡೆ ಎಷ್ಟು ಸಲ ಪ್ರವೇಶ ಅಂತ ಇರುತ್ತೆ: 1, 2 ಅಥವಾ 'ಮಲ್ಟ್', ಅಂದರೆ ಹಲವು ಸಲ. ಎಲ್ಲಕ್ಕಿಂತ ಜಾಸ್ತಿ ಜನ ಎಡವೋದು ಇಲ್ಲೇ. ಒಂದು ಸಲದ ವೀಸಾ ಇಟ್ಟುಕೊಂಡು ಇಟಲಿಯಿಂದ ಎರಡು ದಿನಕ್ಕೆ ಲಂಡನ್‌ಗೋ ಇಸ್ತಾಂಬುಲ್‌ಗೋ ಹೋದರೆ ವಾಪಸ್ ಇಟಲಿಗೆ ಬರೋ ಹಾಗಿಲ್ಲ. ಬಾಕಿ ದಿನ ಉಳಿದಿದ್ದರೂ ಅಷ್ಟೇ. ದಾರಿ ಮಧ್ಯೆ ವೀಸಾ ಮಾಡಿಸೋಕೆ ಪಕ್ಕದ ದೇಶಕ್ಕೆ ಹೋಗಿ ಬರ್ತೀನಿ ಅನ್ನೋರಿಗೂ ಇದೇ ಮಾತು.

ರಿಜೆಕ್ಟ್ ಆದರೆ? ಫೀಸು ವಾಪಸ್ ಬರಲ್ಲ. ಷೆಂಗೆನ್‌ನಲ್ಲಿ ಒಂದು ದೇಶ ಬೇಡ ಅಂದದ್ದು ಅವರ ವೀಸಾ ದಾಖಲೆಯಲ್ಲಿ ಉಳಿಯುತ್ತೆ, ಉಳಿದ ದೇಶಗಳೂ ನೋಡಬಹುದು. ಅಮೆರಿಕ, ಬ್ರಿಟನ್ ಫಾರ್ಮಿನಲ್ಲಿ ಹಿಂದೆ ವೀಸಾ ನಿರಾಕರಣೆ ಆಗಿತ್ತಾ ಅಂತ ನೇರವಾಗಿ ಕೇಳ್ತಾರೆ. ಇಲ್ಲ ಅಂತ ಸುಳ್ಳು ಬರೆಯೋದಕ್ಕಿಂತ ಹೌದು ಅಂತ ಬರೆದು ಕಾರಣ ಹೇಳೋದೇ ವಾಸಿ. ತಾಷ್ಕೆಂಟ್‌ನಲ್ಲಿ ಒಂದು ಕೈ ನೋಡೇಬಿಡೋಣ ಅನ್ನೋ ಹುಮ್ಮಸ್ಸು ಬೇಡ ಅಂತ ನಾನು ಹೇಳೋದು ಇದಕ್ಕೂ ಸೇರಿಸಿ. ಪಾಸ್‌ಪೋರ್ಟೇ ಕಳೆದುಹೋದರೆ ಮೊದಲು ಪೊಲೀಸ್ ದೂರು, ಆಮೇಲೆ ಭಾರತದ ಎಂಬಸಿ. ತುರ್ತಾಗಿ ಅವರು ಕೊಡೋ ಎಮರ್ಜೆನ್ಸಿ ಸರ್ಟಿಫಿಕೇಟ್ ಭಾರತಕ್ಕೆ ವಾಪಸ್ ಬರೋಕೆ ಮಾತ್ರ, ಮುಂದಿನ ದೇಶಕ್ಕೆ ಹೋಗೋಕಲ್ಲ.

ಇಷ್ಟೆಲ್ಲ ಕೇಳಿ ಹುಡುಗ ಮುಖ ಸಣ್ಣ ಮಾಡಿಕೊಂಡ. "ಹಂಗಾದ್ರೆ ಇಟಲಿ ಬಿಟ್ಬಿಡ್ಲಾ ಮಾಮ?"

ಬಿಡಬೇಕಾಗಿಲ್ಲ, ವೀಸಾ ಮಾಡಿಸೋ ಕ್ರಮ ಬದಲಾಯಿಸಿದರೆ ಸಾಕು. ಷೆಂಗೆನ್ ವೀಸಾಕ್ಕೆ ಅಲ್ಲಿಗೆ ಹೋಗೋ ದಿನಕ್ಕಿಂತ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕಡೇ ಗಡುವು 15 ದಿನ ಮುಂಚೆ. ಇವನು ಊರು ಬಿಡೋದು ಜೂನ್ ಮಧ್ಯದಲ್ಲಿ, ರೋಮ್‌ನಲ್ಲಿ ಇಳಿಯೋದು ಅಕ್ಟೋಬರ್ ಕೊನೆಯಲ್ಲಿ. ಮೇ ಮೊದಲ ವಾರದಲ್ಲಿ ಬೆಂಗಳೂರಿನಲ್ಲೇ ಅರ್ಜಿ ಹಾಕಿದರೆ ಆರು ತಿಂಗಳ ಒಳಗೇ ಬರುತ್ತೆ. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಎಳೆಯಬಹುದು. ಒಂದೊಮ್ಮೆ 45 ದಿನ ಆದರೂ ಹೊರಡೋದು ನಾಲ್ಕೈದು ದಿನ ಹಿಂದೆ ಮುಂದೆ, ಅಷ್ಟೇ. ಫ್ರಾನ್ಸ್‌ಗಿಂತ ಇಟಲಿಯಲ್ಲಿ ಹೆಚ್ಚು ದಿನ ಇರೋದರಿಂದ ಅರ್ಜಿ ಇಟಲಿಗೇ ಹಾಕಬೇಕು. ಎರಡೂ ಕಡೆ ಸಮ ದಿನ ಇದ್ದಿದ್ದರೆ ಮೊದಲು ಕಾಲಿಡೋ ದೇಶಕ್ಕೆ. ಫೀಸು 90 ಯುರೋ, ಮೇಲೆ ಕೇಂದ್ರದವರ ಸೇವಾ ಶುಲ್ಕ, ಜೊತೆಗೆ ಕನಿಷ್ಠ 30,000 ಯುರೋ ಮೊತ್ತದ ಪ್ರಯಾಣ ವಿಮೆ.

ನಿಜವಾದ ಕಷ್ಟ ಇರೋದು ಬೇರೆ ಕಡೆ. ಇವನು ಕೆಲಸ ಬಿಟ್ಟಿದ್ದಾನೆ. ಸಂಬಳದ ಚೀಟಿ ಇಲ್ಲ, ರಜೆ ಪತ್ರ ಇಲ್ಲ. ವಾಪಸ್ ಬರ್ತಾನೆ ಅಂತ ಯಾವ ಕಾಗದ ಹೇಳಬೇಕು? ಅದಕ್ಕೆ ಮೂರು ವರ್ಷದ ಐಟಿ ರಿಟರ್ನ್, ಬ್ಯಾಂಕ್ ಸೀಲು ಹಾಕಿದ ಆರು ತಿಂಗಳ ಸ್ಟೇಟ್‌ಮೆಂಟ್, ಅವನ ಹೆಸರಿನ ಎಫ್‌ಡಿ, ತೋಟದ ಪಹಣಿಯ ಇಂಗ್ಲಿಷ್ ಅನುವಾದಕ್ಕೆ ನೋಟರಿ ಸಹಿ, ಮತ್ತೆ ಒಂದು ಪತ್ರ. ಆ ಪತ್ರದಲ್ಲಿ ಕೆಲಸ ಬಿಟ್ಟಿದ್ದನ್ನು ಮುಚ್ಚಿಡದೆ, ಬಂದ ಮೇಲೆ ಅಪ್ಪನ ಅಂಗಡಿ ನೋಡಿಕೊಳ್ಳೋದನ್ನು ಇದ್ದ ಹಾಗೆ ಬರೀಬೇಕು. ಖಾತೆಗೆ ಅರ್ಜಿ ಹಾಕೋ ಹಿಂದಿನ ದಿನ ಎಲ್ಲಿಂದಲೋ ಎರಡು ಲಕ್ಷ ತಂದು ಸುರಿಯೋದು ಬೇಡ, ಅಧಿಕಾರಿ ಮೊದಲು ನೋಡೋದೇ ಅದನ್ನು.

ನೋಟ್‌ಬುಕ್ಕಿನಲ್ಲಿ "ಹಿಂದಿನ ದೇಶದಲ್ಲಿ ಮಾಡಿಸೋದು" ಅನ್ನೋದನ್ನೆಲ್ಲ ಹೊಡೆದುಹಾಕಿದ. ಕೊನೆಯಲ್ಲಿದ್ದ ಇಟಲಿಯನ್ನು ಪುಟದ ನೆತ್ತಿಗೆ ತಂದು ಪಕ್ಕದಲ್ಲಿ "ಮೇ, ಬೆಂಗಳೂರು" ಅಂತ ಬರೆದ. ಸಂಜೆ ಪಿ.ಬಿ. ರಸ್ತೆಯ ಸ್ಟುಡಿಯೋಗೆ ಹೋಗಿ 35ಕ್ಕೆ 45 ಮಿಮೀದು ಎಂಟು, 4ಕ್ಕೆ 6 ಸೆಂಮೀದು ನಾಲ್ಕು, ಎರಡು ಇಂಚು ಚೌಕದ್ದು ನಾಲ್ಕು, ಎಲ್ಲ ಬಿಳಿ ಹಿನ್ನೆಲೆಯಲ್ಲಿ ಹಾಕಿಸಿಕೊಂಡು ಬಂದ. ಸ್ಟುಡಿಯೋದವರು ಕವರ್ ಕೊಡ್ತಾ ಕೇಳಿದರಂತೆ: "ಇಷ್ಟೊಂದು ಕಾಪಿ ಯಾಕಪ್ಪಾ, ಹೆಣ್ಣು ಹುಡುಕ್ತಿದ್ದಾರಾ ಮನೇಲಿ?"